ಕೆಂಪನಂಜಮ್ಮಣ್ಣಿ (ವಾಣಿವಿಲಾಸ ಸನ್ನಿಧಾನ)

ಮಹಾರಾಣಿ ಕೆಂಪನಂಜಮ್ಮಣ್ಣಿ ದೇವಿ, ವಾಣಿವಿಲಾಸ ಸನ್ನಿಧಾನ (1866 – 7 ಜುಲೈ 1934) ಅವರು ಮೈಸೂರು ಸಂಸ್ಥಾನದ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ ಪಟ್ಟದರಾಣಿ ಹಾಗೂ ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ. ಪತಿಯು 1894ರ ಡಿಸೆಂಬರಿನಲ್ಲಿ ಅಕಾಲಮರಣಕ್ಕೆ ತುತ್ತಾದ ನಂತರ, ಹಿರಿಯ ಮಗ ಪ್ರಾಪ್ತವಯಸ್ಕನಾಗುವವರೆಗೆ, ಅಂದರೆ 1895ರಿಂದ 1902ರ ಆಗಸ್ಟ್ 8ರವರೆಗೆ, ಸಂಸ್ಥಾನದ ರಾಜಪ್ರತಿನಿಧಿಯಾಗಿ (ರೀಜೆಂಟ್) ಆಡಳಿತ ನಡೆಸಿದರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ, ಹಿರಿಯೂರು ಬಳಿಯ ಮಾರಿಕಣಿವೆ ಅಣೆಕಟ್ಟು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಮತ್ತು ಮೈಸೂರಿನ ಈಗಿನ ಅಂಬಾವಿಲಾಸ ಅರಮನೆಯ ನಿರ್ಮಾಣಗಳು ಅವರ ಆಡಳಿತಾವಧಿಯಲ್ಲಿ ಆರಂಭಗೊಂಡವು. ಇವುಗಳಲ್ಲಿ ಕೆಲವು ಅದೇ ಅವಧಿಯಲ್ಲಿ ಪೂರ್ಣಗೊಂಡವು.

ಜನಸಾಮಾನ್ಯರಲ್ಲಿ ಅವರು 'ವಾಣಿವಿಲಾಸ' ಎಂದೇ ಪರಿಚಿತರು. ಇದು ವ್ಯಕ್ತಿನಾಮವಲ್ಲ, ಅರಮನೆಯ ಬಿರುದು. ಮೈಸೂರಿನ ರಾಣಿಯರನ್ನು 'ಸೀತಾವಿಲಾಸ ಸನ್ನಿಧಾನ', 'ಲಕ್ಷ್ಮೀವಿಲಾಸ ಸನ್ನಿಧಾನ' ಎಂದು ಅವರವರ ಸನ್ನಿಧಾನದ ಹೆಸರಿನಿಂದ ಕರೆಯುವ ವಾಡಿಕೆಯಿತ್ತು. ಕೆರೆ, ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಈ ಬಿರುದನ್ನೇ ಇಟ್ಟಿದ್ದರಿಂದ ಅವರ ನಿಜನಾಮವು ಬಹುಮಟ್ಟಿಗೆ ಮರೆಯಾಗಿದೆ.

ಮನೆತನ ಮತ್ತು ವಿವಾಹ

ಕೆಂಪನಂಜಮ್ಮಣ್ಣಿಯವರು ನಂಜನಗೂಡಿಗೆ ಸಮೀಪದ ಕಳಲೆಯ ಅರಸು ಮನೆತನಕ್ಕೆ ಸೇರಿದವರು. ಈ ಮನೆತನಕ್ಕೂ ಮೈಸೂರಿನ ಒಡೆಯರಿಗೂ ಹಲವು ತಲೆಮಾರುಗಳ ವಿವಾಹ ಸಂಬಂಧವಿತ್ತು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರಿನ ದಳವಾಯಿ ಪದವಿಯನ್ನು ಹಿಡಿದಿದ್ದವರು ಕಳಲೆಯವರೇ. ದಳವಾಯಿ ದೇವರಾಜಯ್ಯ ಮತ್ತು ಸರ್ವಾಧಿಕಾರಿ ನಂಜರಾಜಯ್ಯ ಸಹೋದರರ ಕಾಲದಲ್ಲಿ ಅರಸರು ಹೆಸರಿಗೆ ಮಾತ್ರ ಸಿಂಹಾಸನದಲ್ಲಿದ್ದರು, ರಾಜ್ಯದ ಸೂತ್ರವು ಕಳಲೆಯವರ ಕೈಯಲ್ಲಿತ್ತು. ಹೈದರಾಲಿಯ ಏಳಿಗೆಯೊಂದಿಗೆ ಆ ಅಧಿಕಾರ ಕೊನೆಗೊಂಡಿತು. ಅದಾದ ಸುಮಾರು 130 ವರ್ಷಗಳ ಬಳಿಕ ಅದೇ ಮನೆತನದ ಹೆಣ್ಣುಮಗಳೊಬ್ಬರು ಮತ್ತೆ ಮೈಸೂರಿನ ಆಡಳಿತದ ಚುಕ್ಕಾಣಿ ಹಿಡಿದರು. ಈ ಸಲ ಅದು ಅರಸನನ್ನು ಬದಿಗೆ ಸರಿಸಲು ಆಗಿರಲಿಲ್ಲ, ಬಾಲ ಅರಸನ ಸ್ಥಾನವನ್ನು ಕಾಯಲು ಆಗಿತ್ತು.

1878ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವರ ವಿವಾಹವು ಚಾಮರಾಜೇಂದ್ರ ಒಡೆಯರೊಂದಿಗೆ ನೆರವೇರಿತು. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಐವತ್ತು ವರ್ಷಗಳ ಕಾಲ ಅದನ್ನು ತಮ್ಮಲ್ಲೇ ಇರಿಸಿಕೊಂಡಿದ್ದರು. ಮುಮ್ಮಡಿಯವರು 1865ರಲ್ಲಿ ದತ್ತು ಪಡೆದ ಚಾಮರಾಜೇಂದ್ರರಿಗೆ 1881ರ ಮಾರ್ಚ್ 25ರಂದು ರಾಜ್ಯವನ್ನು ಮರಳಿಸಲಾಯಿತು. ಚರಿತ್ರೆಯಲ್ಲಿ 'ರೆಂಡಿಷನ್' ಎಂದು ಪ್ರಸಿದ್ಧವಾದ ಈ ಪುನರರ್ಪಣೆಯು ಷರತ್ತುಗಳಿಂದ ಕೂಡಿತ್ತು. ಆಡಳಿತದ ಮುಖ್ಯ ವಿಷಯಗಳಲ್ಲಿ ವೈಸರಾಯರ ಸಲಹೆಯನ್ನು ಪಾಲಿಸಬೇಕಿತ್ತು, ಷರತ್ತುಗಳನ್ನು ಮುರಿದರೆ ರಾಜ್ಯವನ್ನು ಹಿಂದಕ್ಕೆ ಪಡೆಯುವ ಹಕ್ಕು ಬ್ರಿಟಿಷ್ ಸರ್ಕಾರಕ್ಕಿತ್ತು. ವಾರ್ಷಿಕ ಪೊಗದಿಯನ್ನು 24.5 ಲಕ್ಷ ರೂಪಾಯಿಗಳಿಂದ 35 ಲಕ್ಷಕ್ಕೆ ಏರಿಸುವುದೂ ಷರತ್ತುಗಳಲ್ಲಿ ಒಂದಾಗಿತ್ತು. 1876–78ರ ಭೀಕರ ಕ್ಷಾಮದಿಂದ ರಾಜ್ಯ ಇನ್ನೂ ಚೇತರಿಸಿಕೊಳ್ಳದಿದ್ದ ಕಾರಣ ಹೆಚ್ಚುವರಿ ಮೊತ್ತದ ವಸೂಲಿಯನ್ನು ಮುಂದೂಡಲಾಯಿತು. ಕೊನೆಗೆ ಅದು ಜಾರಿಗೆ ಬಂದದ್ದು 1896ರಲ್ಲಿ, ಮಹಾರಾಣಿಯವರ ಆಡಳಿತದ ಎರಡನೆಯ ವರ್ಷದಲ್ಲಿ.

ದಂಪತಿಗಳಿಗೆ ಜಯಲಕ್ಷಮ್ಮಣ್ಣಿ, ಕೃಷ್ಣಾಜಮ್ಮಣ್ಣಿ ಮತ್ತು ಚೆಲುವಾಜಮ್ಮಣ್ಣಿ ಎಂಬ ಮೂವರು ಹೆಣ್ಣುಮಕ್ಕಳೂ, ಕೃಷ್ಣರಾಜ (ಜನನ 4 ಜೂನ್ 1884) ಮತ್ತು ಕಂಠೀರವ ನರಸಿಂಹರಾಜ (ಜನನ 5 ಜೂನ್ 1888) ಎಂಬ ಇಬ್ಬರು ಗಂಡುಮಕ್ಕಳೂ ಇದ್ದರು.

ಚಾಮರಾಜೇಂದ್ರರ ನಿಧನ

1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಗೆ ಪ್ರಯಾಣ ಬೆಳೆಸಿದ್ದರು. ಅಲ್ಲಿ ಗಂಟಲಮಾರಿ (ಡಿಫ್ತೀರಿಯಾ) ರೋಗಕ್ಕೆ ತುತ್ತಾಗಿ ಡಿಸೆಂಬರ್ 28ರಂದು ತೀರಿಕೊಂಡರು. ಆಗ ಅವರ ವಯಸ್ಸು 31. ಇಪ್ಪತ್ತೆಂಟು ವರ್ಷದ ಮಹಾರಾಣಿಯ ಮಡಿಲಲ್ಲಿ ಐವರು ಮಕ್ಕಳಿದ್ದರು, ಸಿಂಹಾಸನಕ್ಕೆ ಹಕ್ಕುದಾರನಾದ ಹಿರಿಯ ಮಗನಿಗೆ ಹತ್ತು ವರ್ಷ ತುಂಬಿತ್ತಷ್ಟೆ. ಪುನರರ್ಪಣೆಯಾಗಿ ಹದಿನಾಲ್ಕು ವರ್ಷಗಳೂ ಪೂರ್ತಿಯಾಗದ ಸಮಯದಲ್ಲಿ ಮೈಸೂರು ಮತ್ತೊಮ್ಮೆ ಅರಸನಿಲ್ಲದ ರಾಜ್ಯವಾಗುವ ಅಪಾಯ ಎದುರಾಯಿತು.

1895ರ ಫೆಬ್ರವರಿ 1ರಂದು ಬಾಲಕ ಕೃಷ್ಣರಾಜರಿಗೆ ಪಟ್ಟ ಕಟ್ಟಲಾಯಿತು. ಅವರು ಪ್ರಾಪ್ತವಯಸ್ಕರಾಗುವವರೆಗೆ ಆಡಳಿತವನ್ನು ಯಾರು ನಡೆಸಬೇಕು ಎಂಬ ಪ್ರಶ್ನೆಗೆ ಭಾರತ ಸರ್ಕಾರವು ಮಹಾರಾಣಿಯವರನ್ನು ರೀಜೆಂಟರನ್ನಾಗಿ ಮಾನ್ಯ ಮಾಡುವ ಮೂಲಕ ಉತ್ತರಿಸಿತು.

ತಾಯಂದಿರ ಆಳ್ವಿಕೆ: ಪೂರ್ವ ನಿದರ್ಶನಗಳು

ಇಂದು ಸಹಜವಾಗಿ ತೋರುವ ಈ ತೀರ್ಮಾನವು ಅಂದಿನ ಸಂದರ್ಭದಲ್ಲಿ ಸಹಜವೇನೂ ಆಗಿರಲಿಲ್ಲ. ಕನ್ನಡ ನಾಡಿನಲ್ಲಿ ಅಪ್ರಾಪ್ತ ಅರಸನ ಪರವಾಗಿ ತಾಯಿ ಅಥವಾ ಅಜ್ಜಿ ರಾಜ್ಯಭಾರ ನಡೆಸಲು ಮುಂದಾದಾಗ ಬ್ರಿಟಿಷರು ಅದನ್ನು ಸಂಶಯದಿಂದಲೇ ಕಂಡಿದ್ದರು. ಟಿಪ್ಪುವಿನ ಪತನದ ನಂತರ 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದಾಗ, ರಾಜ್ಯವನ್ನು ಮರಳಿ ಪಡೆಯಲು ದಶಕಗಳ ಕಾಲ ಗುಟ್ಟಾಗಿ ವ್ಯವಹರಿಸಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ಗೌರವ ದೊರೆಯಿತು, ಆದರೆ ಆಡಳಿತ ಹೋದದ್ದು ದಿವಾನ್ ಪೂರ್ಣಯ್ಯನವರ ಕೈಗೆ. 1824ರಲ್ಲಿ ಕಿತ್ತೂರಿನಲ್ಲಿ ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಕಂಪನಿ ಸರ್ಕಾರ ಒಪ್ಪದಿದ್ದಾಗ ರಾಣಿ ಚೆನ್ನಮ್ಮನವರು ಯುದ್ಧಕ್ಕೇ ಇಳಿಯಬೇಕಾಯಿತು.

ಇಂದಿನ ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಯನ್ನು ಆಳುತ್ತಿದ್ದ ಸುರಪುರದ ನಾಯಕ ಸಂಸ್ಥಾನದ ಉದಾಹರಣೆ ಇನ್ನೂ ಹತ್ತಿರದ್ದು. 1840ರ ದಶಕದಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡು ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ತಾಯಿ ರಾಣಿ ಈಶ್ವರಮ್ಮನವರು ಅಧಿಕಾರಕ್ಕಾಗಿ ಪ್ರಯತ್ನಿಸಿದರು. ಆದರೆ ಆಡಳಿತವು ಕೊನೆಗೆ ಬ್ರಿಟಿಷರ ಪ್ರತಿನಿಧಿ ಫಿಲಿಪ್ ಮೆಡೋಸ್ ಟೇಲರನ ಕೈ ಸೇರಿ, 1853ರಲ್ಲಿ ರಾಜಕುಮಾರನು ಪ್ರಾಪ್ತವಯಸ್ಕನಾಗುವವರೆಗೂ ಅಲ್ಲಿಯೇ ಉಳಿಯಿತು. ಟೇಲರನು ತನ್ನ ಆತ್ಮಕಥೆಯಲ್ಲಿ ಈಶ್ವರಮ್ಮನವರನ್ನು ಚಿತ್ರಿಸಿರುವ ಬಗೆಯು ಎದುರಾಳಿಯ ಲೇಖನಿಯಿಂದ ಬಂದದ್ದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಐದು ವರ್ಷಗಳ ನಂತರ, 1858ರ ಬಂಡಾಯದಲ್ಲಿ, ಆ ಸಂಸ್ಥಾನವೇ ಅಳಿಯಿತು.

ಇಂಥ ಹಿನ್ನೆಲೆಯಲ್ಲಿ 1895ರ ತೀರ್ಮಾನಕ್ಕೆ ವಿಶೇಷ ಮಹತ್ವವಿದೆ. ಪ್ರಪಂಚದ ಇತರೆಡೆಗಳಲ್ಲಿಯೂ ಅದೇ ಕಾಲಕ್ಕೆ ವಿಧವೆ ರಾಣಿಯರು ಮಕ್ಕಳ ಪರವಾಗಿ ರಾಜ್ಯವಾಳುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ ರಾಣಿ ಎಮ್ಮಾ 1890ರಿಂದ 1898ರವರೆಗೆ ಮಗಳು ವಿಲ್ಹೆಲ್ಮಿನಾಳ ಪರವಾಗಿ, ಸ್ಪೇನಿನಲ್ಲಿ ರಾಣಿ ಮರಿಯಾ ಕ್ರಿಸ್ಟಿನಾ 1885ರಿಂದ 1902ರ ಮೇ ತಿಂಗಳವರೆಗೆ ಮಗ ಹದಿಮೂರನೆಯ ಅಲ್ಫಾನ್ಸೊನ ಪರವಾಗಿ ರೀಜೆಂಟರಾಗಿದ್ದರು. ಸ್ಪೇನಿನ ಈ ರಾಣಿ ಅಧಿಕಾರ ಒಪ್ಪಿಸಿದ ಮೂರು ತಿಂಗಳಿಗೆ ಮೈಸೂರಿನಲ್ಲಿಯೂ ರಾಜಪ್ರತಿನಿಧಿತ್ವ ಮುಗಿಯಿತು. ಆದರೆ ಆ ಇಬ್ಬರು ಸ್ವತಂತ್ರ ರಾಷ್ಟ್ರಗಳ ಸಂವಿಧಾನಗಳಡಿ ಆಳಿದವರು. ಮೈಸೂರಿನ ಮಹಾರಾಣಿಯ ಮೇಲೆ ರೆಸಿಡೆಂಟನೂ ವೈಸರಾಯನೂ ಇದ್ದರು.

ಆಡಳಿತದ ಸ್ವರೂಪ

ರಾಜಪ್ರತಿನಿಧಿಗೆ ನೆರವಾಗಿ ದಿವಾನರ ಅಧ್ಯಕ್ಷತೆಯಲ್ಲಿ ಒಂದು ಮಂತ್ರಾಲೋಚನ ಸಭೆಯನ್ನು (ಕೌನ್ಸಿಲ್) ರಚಿಸಲಾಯಿತು. 1883ರಿಂದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅದರ ಅಧ್ಯಕ್ಷರಾದರು. ಟಿ.ಆರ್.ಎ. ತಂಬುಚೆಟ್ಟಿ, ಪೂರ್ಣಯ್ಯನವರ ವಂಶಸ್ಥರಾದ ಪಿ.ಎನ್. ಕೃಷ್ಣಮೂರ್ತಿ ಮುಂತಾದವರು ಸದಸ್ಯರಾಗಿದ್ದರು. ದೈನಂದಿನ ಆಡಳಿತವು ದಿವಾನರದು, ಮುಖ್ಯ ವಿಷಯಗಳಿಗೆ ಮಹಾರಾಣಿಯವರ ಒಪ್ಪಿಗೆ ಬೇಕಾಗಿತ್ತು. ಅವುಗಳಲ್ಲಿ ಕೆಲವಕ್ಕೆ ಬ್ರಿಟಿಷರ ಸಮ್ಮತಿಯೂ ಅಗತ್ಯವಾಗಿತ್ತು.

ಈ ಅವಧಿಯ ಸಾಧನೆಗಳಲ್ಲಿ ಮಹಾರಾಣಿಯವರ ಪಾಲೆಷ್ಟು, ದಿವಾನರ ಪಾಲೆಷ್ಟು ಎಂಬುದು ಚರ್ಚೆಗೆ ಎಡೆಕೊಡುವ ವಿಷಯ. ಶೇಷಾದ್ರಿ ಅಯ್ಯರ್ ಅಸಾಧಾರಣ ಸಾಮರ್ಥ್ಯದ ಆಡಳಿತಗಾರ. ದೊಡ್ಡ ಯೋಜನೆಗಳ ಕಲ್ಪನೆ ಬಹುಮಟ್ಟಿಗೆ ಅವರದು ಮತ್ತು ಅವರ ಎಂಜಿನಿಯರುಗಳದು. ಆದರೆ ಅವರಿಗೆ ವಿರೋಧಿಗಳೂ ಕಡಿಮೆಯಿರಲಿಲ್ಲ. ಉನ್ನತ ಹುದ್ದೆಗಳು ಮದರಾಸಿನಿಂದ ಬಂದವರ ಪಾಲಾಗುತ್ತಿವೆ ಎಂಬ ಅಸಮಾಧಾನ ಮೈಸೂರಿನವರಲ್ಲಿ ಬೆಳೆಯುತ್ತಿತ್ತು. ಪತ್ರಿಕೆಗಳೂ ದಿವಾನರನ್ನು ಬಿಡದೆ ಟೀಕಿಸುತ್ತಿದ್ದವು. ಲಕ್ಷಾಂತರ ರೂಪಾಯಿಗಳ ವೆಚ್ಚದ, ಫಲ ಕಾಣಲು ವರ್ಷಗಳೇ ಹಿಡಿಯುವ ಕಾಮಗಾರಿಗಳಿಗೆ ಅಪ್ರಾಪ್ತ ಅರಸನ ಕಾಲದಲ್ಲಿ ಸಮ್ಮತಿ ನೀಡುವುದು ಸುಲಭದ ಮಾತಲ್ಲ. ಏನಾದರೂ ಎಡವಟ್ಟಾದರೆ ಮಗನಿಗೆ ಉಳಿಯುವುದು ಸಾಲ ಮಾತ್ರ. ಅದಕ್ಕಿಂತ ಹೆಚ್ಚಾಗಿ, ಆಡಳಿತ ಹದಗೆಟ್ಟಿತೆಂಬ ಕಾರಣವೊಂದು ಸಿಕ್ಕರೆ 1831 ಮರುಕಳಿಸಬಹುದಿತ್ತು. ಯೋಜನೆಗಳನ್ನು ತಡೆಹಿಡಿದು ಎಂಟು ವರ್ಷ ಸುಮ್ಮನೆ ಕಳೆಯುವುದು ರಾಜಪ್ರತಿನಿಧಿಗೆ ಸುರಕ್ಷಿತ ಮಾರ್ಗವಾಗಿತ್ತು. ಮಹಾರಾಣಿಯವರು ಆ ಮಾರ್ಗವನ್ನು ಆರಿಸಿಕೊಳ್ಳಲಿಲ್ಲ, ಇದರಲ್ಲಿ ಅವರ ನಿರ್ಣಯದ ಗುರುತು ಕಾಣುತ್ತದೆ.

1891ರ ಜನಗಣತಿಯಲ್ಲಿ ಸುಮಾರು 49.4 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ, ನಡುವೆ ಪ್ಲೇಗು ಅಪ್ಪಳಿಸಿದ್ದರೂ, 1901ರಲ್ಲಿ 55.4 ಲಕ್ಷಕ್ಕೆ ಏರಿತ್ತು. ಬೀರೂರು–ಶಿವಮೊಗ್ಗ ರೈಲುಮಾರ್ಗ 1899ರಲ್ಲಿ ಸಂಚಾರಕ್ಕೆ ತೆರೆಯಿತು. ಬಿ.ಎಲ್. ರೈಸರ ಸಂಪಾದಕತ್ವದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳ ಪ್ರಕಟಣೆಯೂ ಈ ವರ್ಷಗಳಲ್ಲಿ ಮುಂದುವರಿಯಿತು.

ಅರಮನೆಯ ಬೆಂಕಿ

1897ರ ಫೆಬ್ರವರಿಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹವು ಮಹಾರಾಣಿಯವರ ಸಹೋದರ ಎಂ. ಕಾಂತರಾಜ ಅರಸರೊಂದಿಗೆ ನಡೆಯಿತು (ಇವರು ಮುಂದೆ 1919ರಿಂದ 1922ರವರೆಗೆ ಮೈಸೂರಿನ ದಿವಾನರಾದರು). ವಿವಾಹದ ಸಂಭ್ರಮ ಮುಗಿಯುವ ಮೊದಲೇ, ಫೆಬ್ರವರಿ 28ರಂದು, ಅರಮನೆಗೆ ಬೆಂಕಿ ಬಿದ್ದಿತು. ಟಿಪ್ಪುವಿನ ನಂತರ ಒಡೆಯರ ಆಳ್ವಿಕೆ ಮರಳಿದಾಗ 1803ರ ವೇಳೆಗೆ ಕಟ್ಟಲಾಗಿದ್ದ ಆ ಅರಮನೆ ಬಹುಪಾಲು ಮರದ್ದು. ಕೆತ್ತನೆಯ ಕಂಬ, ತೊಲೆ, ಜಂತೆಗಳು ಬೆಂಕಿಗೆ ಸುಲಭದ ತುತ್ತಾದವು.

ರಾಜಮನೆತನವು ಸಮೀಪದ ಜಗನ್ಮೋಹನ ಅರಮನೆಗೆ ಸ್ಥಳಾಂತರಗೊಂಡಿತು. ಹೊಸ ಅರಮನೆಯ ವಿನ್ಯಾಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಲಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು. ಹಿಂದಿನ ಅನುಭವದಿಂದ ಪಾಠ ಕಲಿತು ಈ ಸಲ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಕ್ಕೆ ಪ್ರಾಶಸ್ತ್ಯ ನೀಡಲಾಯಿತು. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಕಟ್ಟಡವು 1912ರಲ್ಲಿ ಪೂರ್ಣಗೊಂಡಾಗ ಒಟ್ಟು ವೆಚ್ಚ 41 ಲಕ್ಷ ರೂಪಾಯಿಗಳನ್ನು ಮೀರಿತ್ತು. ಇಂದು ದಸರಾ ಸಂದರ್ಭದಲ್ಲಿ ದೀಪಾಲಂಕಾರಗೊಂಡು ಕಂಗೊಳಿಸುವ ಅರಮನೆ ಇದೇ. ಅದರ ಹೆಸರಿನೊಂದಿಗೆ ಸಾಮಾನ್ಯವಾಗಿ ನಾಲ್ವಡಿಯವರನ್ನು ನೆನೆಯಲಾಗುತ್ತದೆಯಾದರೂ, ಕಟ್ಟಲು ಆದೇಶ ಹೊರಟ ಕಾಲಕ್ಕೆ ಅವರು ಹದಿಮೂರು ವರ್ಷದ ಬಾಲಕ.

ಪ್ಲೇಗು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿ ರೈಲಿನ ದಾರಿಯಲ್ಲೇ ದಕ್ಷಿಣಕ್ಕೆ ಹಬ್ಬಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಬೆಂಗಳೂರಿನ ಪೇಟೆ ಪ್ರದೇಶದ ಇಕ್ಕಟ್ಟಾದ ಮನೆಗಳೂ ದವಸದ ಮಂಡಿಗಳೂ ಇಲಿಗಳಿಗೆ ಆಶ್ರಯವಾಗಿದ್ದವು. ಜನರು ಮನೆಮಠ ತೊರೆದು ಊರ ಹೊರಗಿನ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. ಮೈಸೂರು ನಗರಕ್ಕೂ ಹಳ್ಳಿಗಳಿಗೂ ರೋಗ ಹಬ್ಬಿತು.

ಸರ್ಕಾರವು ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿತು. ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರೆಡೆ ಇರಿಸುವುದು, ಸೋಂಕು ತಗುಲಿದ ಮನೆಗಳನ್ನು ಖಾಲಿ ಮಾಡಿಸುವುದು, ಚುಚ್ಚುಮದ್ದು ಮುಂತಾದ ಕ್ರಮಗಳು ಜಾರಿಗೆ ಬಂದವು. ಇವುಗಳಿಗೆ ಜನರ ಪ್ರತಿರೋಧವೂ ಇತ್ತು. ಮನೆಯೊಳಗೆ ಅಧಿಕಾರಿಗಳು ನುಗ್ಗುವುದನ್ನೂ, ರೋಗಿಯನ್ನು ಬಂಧುಗಳಿಂದ ಅಗಲಿಸುವುದನ್ನೂ ಜನ ರೋಗಕ್ಕಿಂತ ಹೆಚ್ಚಾಗಿ ಹೆದರಿದ್ದುಂಟು. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ದಿನಗಳ ಭಯದ ಕುರುಹುಗಳು.

ಪ್ಲೇಗಿನ ಕಾಲದಲ್ಲಿಯೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಗಲವಾದ ರಸ್ತೆ, ಗಾಳಿ ಬೆಳಕಿಗೆ ಎಡೆಯುಳ್ಳ ನಿವೇಶನ ಮತ್ತು ಚರಂಡಿ ವ್ಯವಸ್ಥೆ ಇವುಗಳ ವೈಶಿಷ್ಟ್ಯ. ಬಸವನಗುಡಿಯ ಮುಖ್ಯ ಬೀದಿಯೊಂದು ವಾಣಿವಿಲಾಸ ರಸ್ತೆ ಎಂದೇ ಹೆಸರಾಗಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ನೆನಪಿಗಾಗಿ 1897ರ ಜೂನ್ 22ರಂದು ಮಹಾರಾಣಿಯವರು ಶಂಕುಸ್ಥಾಪನೆ ನೆರವೇರಿಸಿದ್ದ ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್‌ರಿಂದ ಉದ್ಘಾಟನೆಗೊಂಡಿತು.

ಶಿವನಸಮುದ್ರ

ರಾಜಪ್ರತಿನಿಧಿತ್ವದ ಅವಧಿಯ ಅತ್ಯಂತ ದಿಟ್ಟ ಯೋಜನೆಯೆಂದರೆ ಕಾವೇರಿಯ ಜಲಪಾತದಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸುವುದು. ಗಣಿಗಳ ಯಂತ್ರಗಳು ಆವರೆಗೆ ಕಲ್ಲಿದ್ದಲು ಮತ್ತು ಸೌದೆಯಿಂದ ನಡೆಯುತ್ತಿದ್ದವು. ಸುತ್ತಲಿನ ಕಾಡು ಬರಿದಾಗುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಾದ್ದರಿಂದ ದುಬಾರಿಯಾಗಿತ್ತು. ಗಣಿಗಳಿಂದ ಸಂಸ್ಥಾನಕ್ಕೆ ರಾಜಧನ ಬರುತ್ತಿದ್ದುದರಿಂದ ಅಗ್ಗದ ಶಕ್ತಿಮೂಲ ದೊರೆತರೆ ಇಬ್ಬರಿಗೂ ಲಾಭವಿತ್ತು.

ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಎ.ಸಿ. ಜಾಲಿ ದ ಲಾಟ್‌ಬಿನಿಯರ್ ಯೋಜನೆಯ ರೂವಾರಿ. ಯೂರೋಪು ಮತ್ತು ಅಮೆರಿಕಗಳಿಗೆ ತೆರಳಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿ ಬಂದು ಆತ ನಕ್ಷೆ ಸಿದ್ಧಪಡಿಸಿದ. ಕಾವೇರಿಯು ಮದರಾಸು ಪ್ರಾಂತಕ್ಕೂ ಹರಿಯುವ ನದಿಯಾದ್ದರಿಂದ ಅಲ್ಲಿನ ಸರ್ಕಾರದೊಂದಿಗೂ ಮಾತುಕತೆ ನಡೆಯಬೇಕಾಯಿತು. ಗಣಿಗಳ ವ್ಯವಸ್ಥಾಪಕರಾದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ವಿದ್ಯುತ್ ಖರೀದಿಯ ಒಪ್ಪಂದವಾಯಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಗಳಿಂದ ಹಡಗಿನಲ್ಲಿ ಬಂದವು. ರೈಲು ತಲುಪದ ಶಿವನಸಮುದ್ರಕ್ಕೆ ಭಾರಿ ಯಂತ್ರಭಾಗಗಳನ್ನು ಸಾಗಿಸಲು ಆನೆಗಳನ್ನೂ ಎತ್ತುಗಳನ್ನೂ ಬಳಸಬೇಕಾಯಿತು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ (ಸುಮಾರು 147 ಕಿ.ಮೀ.) ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಡಾರ್ಜಿಲಿಂಗಿನಲ್ಲಿ 1897ರಲ್ಲಿಯೇ ಒಂದು ಚಿಕ್ಕ ಜಲವಿದ್ಯುದಾಗಾರ ಆರಂಭವಾಗಿತ್ತಾದರೂ, ಇಷ್ಟು ದೊಡ್ಡ ಪ್ರಮಾಣದ ಉತ್ಪಾದನೆಯೂ ಇಷ್ಟು ದೂರದ ಪ್ರಸರಣವೂ ಭಾರತಕ್ಕೆ ಹೊಸದು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಇದೂ ಒಂದಾಗಿತ್ತು. ಬೆಂಗಳೂರಿನ ಬೀದಿದೀಪಗಳಿಗೆ ಇದೇ ವಿದ್ಯುತ್ತು ದೊರೆತದ್ದು 1905ರ ಆಗಸ್ಟಿನಲ್ಲಿ, ಅಂದರೆ ರಾಜಪ್ರತಿನಿಧಿತ್ವ ಮುಗಿದ ಮೂರು ವರ್ಷಗಳ ನಂತರ. ಯೋಜನೆಯ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ ಅದರ ಫಲವನ್ನು ಕಾಣಲಿಲ್ಲ.

ಮಾರಿಕಣಿವೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆ ಸಂಸ್ಥಾನದ ಅತ್ಯಂತ ಶುಷ್ಕ ಪ್ರದೇಶಗಳಲ್ಲಿ ಒಂದು. ಇಲ್ಲಿ ವೇದಾವತಿ ನದಿಯು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯನ್ನು ಸೀಳಿಕೊಂಡು ಹೊರಡುತ್ತದೆ. ಕಣಿವೆಗೆ ಅಡ್ಡಲಾಗಿ ಕಟ್ಟೆ ಹಾಕುವ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ ಮಹಾರಾಣಿಯವರ ಗೌರವಾರ್ಥ 'ವಾಣಿವಿಲಾಸ ಸಾಗರ' ಎಂದು ಹೆಸರಿಡಲಾಯಿತು. ಸ್ಥಳೀಯರು ಇಂದಿಗೂ ಮಾರಿಕಣಿವೆ ಎಂದೇ ಕರೆಯುವುದು ವಾಡಿಕೆ.

ಈ ಯೋಜನೆ ಟೀಕೆಗೂ ಎಡೆಮಾಡಿಕೊಟ್ಟಿದೆ. ಮಳೆ ಕಡಿಮೆಯಿರುವ ಜಲಾನಯನಕ್ಕೆ ಜಲಾಶಯದ ಗಾತ್ರ ಹೆಚ್ಚಾಯಿತು ಎಂಬುದು ಅದರ ತಿರುಳು. 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. ಹಾಗಿದ್ದರೂ ಪೂರ್ತಿ ತುಂಬದ ವರ್ಷಗಳಲ್ಲಿಯೂ ಹಿರಿಯೂರಿನ ತೆಂಗು, ಅಡಿಕೆ ತೋಟಗಳನ್ನು ಸಲಹಿದ್ದು ಇದೇ ನೀರು.

ಶಿಕ್ಷಣ

ಸ್ತ್ರೀಶಿಕ್ಷಣದಲ್ಲಿ ಮಹಾರಾಣಿಯವರ ಆಸಕ್ತಿ ರಾಜಪ್ರತಿನಿಧಿತ್ವಕ್ಕಿಂತ ಹಿಂದಿನದು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಗೆ ಅರಮನೆಯ ಬೆಂಬಲವಿತ್ತು, ಶಾಲೆಯು ಮಹಾರಾಣಿಯವರ ಹೆಸರನ್ನೇ ಪಡೆಯಿತು. ಮೇಲ್ಜಾತಿಯ ಕುಟುಂಬಗಳು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅರಮನೆಯ ಹೆಸರು ಶಾಲೆಗೆ ಒಂದು ಬಗೆಯ ರಕ್ಷೆಯಾಯಿತು. ಇದೇ ಮುಂದೆ ಕಾಲೇಜು ಮಟ್ಟಕ್ಕೇರಿ ಇಂದಿನ ಮಹಾರಾಣಿ ಕಾಲೇಜಾಗಿ ಬೆಳೆಯಿತು.

ಜೆ.ಎನ್. ತಾತಾ ಅವರು ವಿಜ್ಞಾನ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸುವ ಆಲೋಚನೆಯನ್ನು ಮುಂದಿಟ್ಟಾಗ ಬೆಂಗಳೂರಿನಲ್ಲಿ ಜಮೀನು ಮತ್ತು ಧನಸಹಾಯ ನೀಡಲು ಮೈಸೂರು ಸರ್ಕಾರ ಮುಂದೆ ಬಂದದ್ದು ರಾಜಪ್ರತಿನಿಧಿತ್ವದ ಕಾಲದಲ್ಲಿ. 371 ಎಕರೆಯ ಭೂಮಿ ವಿಧ್ಯುಕ್ತವಾಗಿ ಹಸ್ತಾಂತರಗೊಂಡದ್ದು 1907ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ.

ಬಾಲ ಮಹಾರಾಜರ ಶಿಕ್ಷಣವು ಸ್ವಾಭಾವಿಕವಾಗಿಯೇ ರಾಜಪ್ರತಿನಿಧಿಯ ಮುಖ್ಯ ಹೊಣೆಗಳಲ್ಲಿ ಒಂದಾಗಿತ್ತು. ಭಾರತೀಯ ನಾಗರಿಕ ಸೇವೆಯ ಸ್ಟುವರ್ಟ್ ಫ್ರೇಸರ್ ಅವರನ್ನು 1896ರಲ್ಲಿ ಬೋಧಕ ಹಾಗೂ ಪಾಲಕರಾಗಿ ನೇಮಿಸಲಾಯಿತು. ಪಾಶ್ಚಾತ್ಯ ವಿದ್ಯೆ, ಕುದುರೆ ಸವಾರಿ, ರಾಜ್ಯಾಡಳಿತದ ಪರಿಚಯಗಳ ಜೊತೆಗೆ ಸಂಸ್ಕೃತ, ಕನ್ನಡ ಹಾಗೂ ಕರ್ನಾಟಕ ಸಂಗೀತ, ಪಾಶ್ಚಾತ್ಯ ಸಂಗೀತಗಳೂ ನಡೆದವು. ನಾಲ್ವಡಿಯವರು ಮುಂದೆ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು, ಧರ್ಮಶ್ರದ್ಧೆಯನ್ನೂ ಆಧುನಿಕ ದೃಷ್ಟಿಯನ್ನೂ ಒಟ್ಟಿಗೆ ರೂಢಿಸಿಕೊಂಡಿದ್ದರು. ಇಂಗ್ಲಿಷ್ ಬೋಧಕನ ಕೈಗೆ ಒಪ್ಪಿಸಿದ ದೇಶೀಯ ರಾಜಕುಮಾರರು ತಮ್ಮ ನಾಡಿನಲ್ಲಿಯೇ ಪರಕೀಯರಾದ ನಿದರ್ಶನಗಳು ಆ ಕಾಲದಲ್ಲಿ ಹಲವಿದ್ದವು. ಮೈಸೂರಿನಲ್ಲಿ ಹಾಗಾಗದಿರುವುದರಲ್ಲಿ ತಾಯಿಯ ಪಾತ್ರವನ್ನು ಗುರುತಿಸಲು ಅಡ್ಡಿಯಿಲ್ಲ. 1900ರ ಜೂನ್ 6ರಂದು ಕಾಠಿಯಾವಾಡದ ವಾಣಾ ಸಂಸ್ಥಾನದ ಪ್ರತಾಪಕುಮಾರಿಯವರೊಂದಿಗೆ ನಾಲ್ವಡಿಯವರ ವಿವಾಹ ನಡೆಯಿತು.

ಅಧಿಕಾರ ಹಸ್ತಾಂತರ

ಅನಾರೋಗ್ಯದಿಂದ ಶೇಷಾದ್ರಿ ಅಯ್ಯರ್ 1900ರ ಆಗಸ್ಟಿನಲ್ಲಿ ರಜೆಯ ಮೇಲೆ ತೆರಳಿದಾಗ ತಂಬುಚೆಟ್ಟಿಯವರು ಹಂಗಾಮಿ ದಿವಾನರಾದರು. 1901ರ ಮಾರ್ಚಿನಲ್ಲಿ ಶೇಷಾದ್ರಿ ಅಯ್ಯರ್ ನಿವೃತ್ತರಾದರು, ಪಿ.ಎನ್. ಕೃಷ್ಣಮೂರ್ತಿಯವರು ದಿವಾನರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು ಶೇಷಾದ್ರಿ ಅಯ್ಯರ್ ನಿಧನ ಹೊಂದಿದರು. ಹದಿನೆಂಟು ವರ್ಷ ರಾಜ್ಯದ ಸೂತ್ರ ಹಿಡಿದಿದ್ದ ದಿವಾನರ ನಿರ್ಗಮನದ ಹೊತ್ತಿಗೆ ಶಿವನಸಮುದ್ರ, ಮಾರಿಕಣಿವೆ, ಹೊಸ ಅರಮನೆ ಮೂರೂ ಅರ್ಧಕ್ಕೆ ನಿಂತಿದ್ದವು. ಕೊನೆಯ ಒಂದೂವರೆ ವರ್ಷದಲ್ಲಿ ಕೆಲಸ ನಿಲ್ಲದೆ ಮುಂದುವರಿಯಿತೆಂಬುದು ಗಮನಾರ್ಹ. ಎಲ್ಲವೂ ದಿವಾನರಿಂದಲೇ ನಡೆಯಿತು ಎಂಬ ವಾದಕ್ಕೆ ಈ ಅವಧಿ ಒಂದು ಉತ್ತರ.

1902ರ ಜೂನಿನಲ್ಲಿ ನಾಲ್ವಡಿಯವರಿಗೆ ಹದಿನೆಂಟು ತುಂಬಿತು. ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ನಡೆದ ಸಮಾರಂಭದಲ್ಲಿ ಲಾರ್ಡ್ ಕರ್ಜನ್ ಅವರಿಗೆ ಆಡಳಿತಾಧಿಕಾರವನ್ನು ವಹಿಸಿದನು. ದೇಶೀಯ ಅರಸರ ಬಗ್ಗೆ ಸಾಮಾನ್ಯವಾಗಿ ಕಟುವಾಗಿ ಮಾತನಾಡುತ್ತಿದ್ದ ಕರ್ಜನ್, ಮಹಾರಾಣಿಯವರ ಆಡಳಿತವನ್ನು ಅಂದು ಬಹಿರಂಗವಾಗಿ ಪ್ರಶಂಸಿಸಿದನು. ಭಾರತೀಯ ಸ್ತ್ರೀಯರಿಗೆ ಆಗ ವಿರಳವಾಗಿ ಸಲ್ಲುತ್ತಿದ್ದ 'ಕ್ರೌನ್ ಆಫ್ ಇಂಡಿಯಾ' ಪದಕವೂ ಅವರಿಗೆ ದೊರೆತಿತ್ತು.

ನಂತರದ ಜೀವನ

ಅಧಿಕಾರವನ್ನು ಒಪ್ಪಿಸಿದಾಗ ಮಹಾರಾಣಿಯವರ ವಯಸ್ಸು 36. ಇನ್ನುಳಿದ ಮೂವತ್ತೆರಡು ವರ್ಷಗಳನ್ನು ಅವರು ರಾಜಮಾತೆಯಾಗಿ ಕಳೆದರು.

ಈ ವರ್ಷಗಳಲ್ಲಿ ಕೌಟುಂಬಿಕ ದುಃಖಗಳು ಬಿಡಲಿಲ್ಲ. ಎರಡನೆಯ ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ತೀರಿಕೊಂಡರು. ಅವರ ನೆನಪಿಗಾಗಿ ನಾಲ್ವಡಿಯವರು 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಇದು ಪಿ.ಕೆ.ಟಿ.ಬಿ. ಆಸ್ಪತ್ರೆ ಎಂದು ಪ್ರಸಿದ್ಧವಾಗಿದೆ, ಆ ಮೊದಲಕ್ಷರಗಳಲ್ಲಿ ಅಡಗಿರುವುದು 'ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ' ಎಂಬ ಹೆಸರು. ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಮಹಲು ಇಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿದೆ. ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ಮಹಲು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿಎಫ್‌ಟಿಆರ್‌ಐ) ನೆಲೆಯಾಗಿದೆ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಕಿರಿಯ ಮಗ, ಯುವರಾಜ ಕಂಠೀರವ ನರಸಿಂಹರಾಜರಿಗೆ 1919ರ ಜುಲೈ 18ರಂದು ಜನಿಸಿದ ಜಯಚಾಮರಾಜರೇ ಮುಂದೆ ಮೈಸೂರಿನ ಕೊನೆಯ ಅರಸರಾದರು.

ಮಹಾರಾಣಿಯವರು 1934ರ ಜುಲೈ 7ರಂದು ನಿಧನರಾದರು. ಅದರ ಹಿಂದಿನ ವರ್ಷವಷ್ಟೇ ಅವರ ಹೆಸರಿನ ಸಾಗರ ತುಂಬಿ ಕೋಡಿ ಬಿದ್ದಿತ್ತು. ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿ ಸ್ತ್ರೀಯರು ಮತ್ತು ಮಕ್ಕಳಿಗಾಗಿ ನಿರ್ಮಾಣಗೊಂಡ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಬಡ ಕುಟುಂಬಗಳ ಹೆರಿಗೆಗಳು ಅತಿ ಹೆಚ್ಚಾಗಿ ನಡೆಯುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂದಿಗೂ ಅದು ಒಂದು.